ಮೇಷ್ಟ್ರಿಲ್ಲದ ಹಕ್ಕಿ ಏನು ಹಾಡೀತು?

ಯುಗಾದಿ ಹತ್ತಿರ ಬಂತು ಅಂದ್ರೆ ಸಾಕು, ಬೆಂಗಳೂರಿನಂಥ ಬೆಂಗಳೂರಿನಲ್ಲೂ ಬೆಳಗಿನ ಜಾವಕ್ಕೇ ಕೋಗಿಲೆ ಶುರು ಹಚ್ಚಿಕೊಳ್ಳುತ್ತದೆ. ಬೆಳಗಿನ ಬುಲೆಟಿನ್‌ಗೆ ಅಂತ ಕತ್ತಲಲ್ಲೇ ಮನೆ ಬಿಡುವ ನಮ್ಮಂಥವರಿಗೆ ಆ ಹೊತ್ತಿನಲ್ಲಿ ಸಿಗೋ ಜೊತೆ ಅದೊಂದೇ. ಕುಹೂ... ಕುಹೂ... ಒಂದು ಮರದಿಂದ ಶುರುವಾದರೆ ಇನ್ನೊಂದು ಮರದಿಂದ ಉತ್ತರ.

ಕೋಗಿಲೆಯ ಕಥೆ ನಿಮಗೆಲ್ಲ ಗೊತ್ತಿರೋದೇ. ಅದು ಗೂಡು ಕಟ್ಟಲ್ಲ. ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಕೈತೊಳೆದುಕೊಳ್ಳುತ್ತದೆ. ಕಾವು ಕೊಡೋದು ಕಾಗೆ, ಗುಟುಕು ಕೊಡೋದು ಕಾಗೆ, ಹಾರೋವರೆಗೆ ಸಾಕೋದು ಕಾಗೆ. ಅದಕ್ಕೇ ಕೋಗಿಲೆಗೆ ಪರಪುಟ್ಟ ಅಂತಲೇ ಒಂದು ಹೆಸರು. ಪರರು ಪೋಷಿಸಿದ್ದು ಅಂತ ಅರ್ಥ. ಈಗ ನನ್ನ ಪ್ರಶ್ನೆ ಕೇಳಿ. ಮೊಟ್ಟೆಯೊಡೆದು ಬಂದ ದಿನದಿಂದ ಆ ಮರಿಯ ಕಿವಿಗೆ ಬಿದ್ದಿದ್ದು ಬರೀ ಕಾ ಕಾ. ಹಾಗಿದ್ದ ಮೇಲೆ ದೊಡ್ಡದಾದಾಗ ಅದು ಕಾ ಕಾ ಅನ್ನಬೇಕಿತ್ತಲ್ಲ? ಯಾಕೆ ಕುಹೂ ಅನ್ನುತ್ತೆ?

ರಕ್ತದಲ್ಲೇ ಬಂದಿದೆ ಬಿಡಿ ಸಾರ್, ಅಂತೀರಿ. ಕೋಗಿಲೆಯ ಮಟ್ಟಿಗೆ ನಿಮ್ಮ ಉತ್ತರ ಸರಿ. ಅದರ ಕೂಗು ಕಲಿತದ್ದಲ್ಲ, ಹುಟ್ಟುತ್ತಲೇ ಬಂದದ್ದು. ಕೋಳಿಯದೂ ಹಾಗೇ. ಮರಿಯಾಗಿದ್ದಾಗಲೇ ಕಿವುಡಾದ ಹುಂಜವೂ ದೊಡ್ಡದಾದ ಮೇಲೆ ಉಳಿದ ಹುಂಜಗಳಂತೆಯೇ ಕೂಗುತ್ತದೆ. ಆದರೆ ಎಲ್ಲ ಹಕ್ಕಿಗಳೂ ಹೀಗೇ ಅಂದುಕೊಂಡಿರೋ, ಅಲ್ಲೇ ಎಡವಿದ್ದು. ಜೀವವಿಜ್ಞಾನಿಗಳು ಹಾಡುಹಕ್ಕಿಗಳು ಅಂತ ಒಂದು ಗುಂಪು ಮಾಡಿದ್ದಾರೆ. ಜಗತ್ತಿನ ಹಕ್ಕಿ ಜಾತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅದರಲ್ಲಿ ಬರುತ್ತವೆ. ಮೈನಾ, ಗುಬ್ಬಿ, ಮಡಿವಾಳ, ಮಲೆನಾಡಿನ ಸಿಳ್ಳಾರ ಎಲ್ಲ ಅದರಲ್ಲಿವೆ. ಮಜಾ ಏನು ಗೊತ್ತಾ? ಆ ಗುಂಪಿನಲ್ಲಿ ಕೋಗಿಲೆ ಇಲ್ಲ. ಕಾಗೆ ಇದೆ! ನಮ್ಮ ಕವಿಗಳಿಗೆ ಇದನ್ನು ಹೇಗೆ ಹೇಳೋದೋ ಗೊತ್ತಿಲ್ಲ.

ಹಾಡುಹಕ್ಕಿಗಳ ವಿಶೇಷ ಅಂದ್ರೆ ಅವು ಹಾಡನ್ನು ಕಲಿಯುತ್ತವೆ. ಕಿವಿಯಿಂದ ಕೇಳಿ, ಬಾಯಿಂದ ತೊದಲಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿಯುತ್ತವೆ. ನಮ್ಮ ಮನೆ ಕೂಸು ಮಾತು ಕಲಿಯೋ ಹಾಗೆ. ಆ ಕೂಸಿಗೆ ಇರೋ ಹಾಗೇ ಅವಕ್ಕೂ ಒಂದು ವಯಸ್ಸು ಇದೆ. ಆ ವಯಸ್ಸಿನಲ್ಲಿ ಕಿವಿಗೆ ಏನು ಬಿತ್ತು, ಯಾರಿಂದ ಬಿತ್ತು ಅನ್ನೋದರ ಮೇಲೆ ಇಡೀ ಜೀವಮಾನದ ಹಾಡು ನಿಂತಿದೆ.

ಇದನ್ನು ಮೊದಲು ಕೈಯಾರೆ ಪರೀಕ್ಷೆ ಮಾಡಿ ನೋಡಿದವರಲ್ಲಿ ಒಬ್ಬ ಇಂಗ್ಲೆಂಡಿನ ವಕೀಲ. ಡೇನ್ಸ್ ಬ್ಯಾರಿಂಗ್ಟನ್ ಅಂತ ಹೆಸರು. ನ್ಯಾಯಾಧೀಶನೂ ಆಗಿದ್ದ. ವೃತ್ತಿ ಕೋರ್ಟು ಕಚೇರಿ, ಹುಚ್ಚು ಮಾತ್ರ ಹಕ್ಕಿಗಳದು. ಗೂಡಿನಿಂದ ಲಿನೆಟ್ ಅನ್ನೋ ಪುಟ್ಟ ಹಕ್ಕಿಯ ಮರಿಗಳನ್ನು ತಂದು, ಬೇರೆ ಬೇರೆ ಜಾತಿಯ ಬಾನಾಡಿಗಳ ಜೊತೆ ಬೆಳೆಸಿದ. ಮರಿಗಳು ದೊಡ್ಡದಾದವು, ಹಾಡಲು ಶುರು ಮಾಡಿದವು. ಒಂದೂ ಲಿನೆಟ್ ಹಾಡು ಹಾಡಲಿಲ್ಲ! ಯಾವುದು ಯಾವ ಗುರುವಿನ ಹತ್ತಿರ ಬೆಳೆದಿತ್ತೋ ಅದರದೇ ಹಾಡು. 1773ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದ. ಮನುಷ್ಯನಿಗೆ ಭಾಷೆ ಹೇಗೆ ಹುಟ್ಟಿನಿಂದ ಬರಲ್ಲವೋ ಹಕ್ಕಿಗೆ ಹಾಡೂ ಹಾಗೇ ಅನ್ನೋದು ಅವನ ತೀರ್ಮಾನ. ಇದೇ ಬ್ಯಾರಿಂಗ್ಟನ್ ಕೆಲವು ವರ್ಷ ಮೊದಲು ಲಂಡನ್‌ಗೆ ಬಂದಿದ್ದ ಒಬ್ಬ ಪುಟ್ಟ ಹುಡುಗನನ್ನು ಕೂರಿಸಿಕೊಂಡು, ಇವನ ಪ್ರತಿಭೆ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದ. ಆ ಹುಡುಗನ ಹೆಸರು ಮೊಜಾರ್ಟ್.

ಅಲ್ಲಿಂದ ಸುಮಾರು ನೂರೆಂಬತ್ತು ವರ್ಷ ಮುಂದೆ ಬನ್ನಿ. 1950ರ ದಶಕ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ. ಅಷ್ಟೊತ್ತಿಗೆ ಒಂದು ಹೊಸ ಯಂತ್ರ ಬಂದಿತ್ತು. ಧ್ವನಿಯನ್ನು ಕಾಗದದ ಮೇಲೆ ಚಿತ್ರವಾಗಿ ಬರೆದುಕೊಡುವ ಯಂತ್ರ. ಅದಕ್ಕೂ ಮೊದಲು ಹಕ್ಕಿ ಹಾಡಿದ್ದು ಹೀಗಿತ್ತು, ಹಾಗಿತ್ತು ಅಂತ ಬಾಯಲ್ಲಿ ವರ್ಣಿಸಬೇಕಿತ್ತು, ಒಬ್ಬನ ಕಿವಿಗೆ ಕೇಳಿದ್ದು ಇನ್ನೊಬ್ಬನಿಗೆ ಕೇಳದು. ಈಗ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದಾಯಿತು. ವಿಲಿಯಂ ಥಾರ್ಪ್ ಅನ್ನೋ ವಿಜ್ಞಾನಿ ಚಾಫಿಂಚ್ ಹಕ್ಕಿಯ ಮರಿಗಳನ್ನು ದೊಡ್ಡ ಹಕ್ಕಿಗಳ ಹಾಡೇ ಕೇಳದಂತೆ ಬೆಳೆಸಿದರು. ಅವು ದೊಡ್ಡದಾದ ಮೇಲೆ ಹಾಡಿದವು. ಆದರೆ ಏನು ಹಾಡು ಅದು! ಉದ್ದ ಹೆಚ್ಚು ಕಡಿಮೆ ಸರಿ ಇದೆ. ಆದರೆ ಚರಣ ಇಲ್ಲ, ಏರಿಳಿತ ಇಲ್ಲ, ಚಾಫಿಂಚ್ ಹಾಡಿನ ಕೊನೆಯಲ್ಲಿ ಬರೋ ಆ ಗತ್ತಿನ ಮುಕ್ತಾಯವಂತೂ ಇಲ್ಲವೇ ಇಲ್ಲ. ಅಸ್ಥಿಪಂಜರ ಇದೆ, ಮೈಮಾಂಸ ಇಲ್ಲ.

ಥಾರ್ಪ್ ಅವರ ಶಿಷ್ಯ ಪೀಟರ್ ಮಾರ್ಲರ್. ಈ ಮನುಷ್ಯ ಮೊದಲು ಓದಿದ್ದು ಸಸ್ಯಶಾಸ್ತ್ರ. ಗಿಡ ಹುಡುಕಿಕೊಂಡು ಊರೂರು ಅಲೆಯುವಾಗ ಒಂದು ವಿಚಾರ ಗಮನಿಸಿದರು. ಈ ಕಣಿವೆಯ ಚಾಫಿಂಚ್ ಹಾಡೋದು ಒಂದು ಥರ, ಮುಂದಿನ ಕಣಿವೆಯದು ಇನ್ನೊಂದು ಥರ. ಹಕ್ಕಿ ಅದೇ, ಹಾಡಿನ ಧಾಟಿ ಬೇರೆ. ಗಿಡ ಬಿಟ್ಟು ಹಕ್ಕಿ ಹಿಡಿದರು. ಮುಂದೆ ಅಮೆರಿಕದ ಬರ್ಕ್ಲಿಗೆ ಹೋದಾಗ ಅಲ್ಲಿ ಸಿಕ್ಕಿದ್ದು ಬಿಳಿ ಕಿರೀಟದ ಗುಬ್ಬಿ. ತಲೆ ಮೇಲೆ ಕಪ್ಪು ಬಿಳಿ ಪಟ್ಟೆ ಇರೋ ಹಕ್ಕಿ, ನಮ್ಮ ಮನೆಗುಬ್ಬಿಯಂಥದ್ದಲ್ಲ, ಬೇರೆ ಕುಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಮರಿನ್‌ನಲ್ಲಿ ಒಂದು ಧಾಟಿ, ಬರ್ಕ್ಲಿಯಲ್ಲಿ ಒಂದು, ಸನ್‌ಸೆಟ್ ಬೀಚ್‌ನಲ್ಲಿ ಮತ್ತೊಂದು. ನಮ್ಮಲ್ಲಿ ಫೋನ್ ಕಾಲ್ ತಗೊಂಡ ತಕ್ಷಣ ಹೆಸರು ಕೇಳೋ ಮೊದಲೇ ಇವರು ಧಾರವಾಡದ ಕಡೆಯವರು, ಇವರು ಮಂಡ್ಯ, ಇವರು ಮಂಗಳೂರು ಅಂತ ಗೊತ್ತಾಗಲ್ವಾ? ಹಾಗೇ ಹಾಡು ಕೇಳಿದರೆ ಹಕ್ಕಿಯ ಊರು ಹೇಳಬಹುದಿತ್ತು. 1964ರಲ್ಲಿ ಮಾರ್ಲರ್ ಮತ್ತು ಮಿವಾಕೊ ತಮುರಾ ಇದನ್ನು ಪ್ರಕಟಿಸಿದರು.

ಈಗ ಮುಖ್ಯ ಭಾಗಕ್ಕೆ ಬರ್ತೀನಿ. ಮಾರ್ಲರ್ ಮರಿಗಳನ್ನು ಒಂಟಿಯಾಗಿ ಸಾಕಿ, ಬೇರೆ ಬೇರೆ ವಯಸ್ಸಿನಲ್ಲಿ ಟೇಪ್ ಹಾಕಿ ಹಾಡು ಕೇಳಿಸಿದರು. ಹುಟ್ಟಿ ಸುಮಾರು 10 ದಿನದಿಂದ 50 ದಿನದೊಳಗೆ ಕೇಳಿಸಿದರೆ ಮರಿ ಹಿಡಿದುಕೊಳ್ಳುತ್ತೆ. ಆಮೇಲೆ ಎಷ್ಟು ಕೇಳಿಸಿದರೂ ಟೇಪ್‌ನಿಂದ ಕಲಿಯಲ್ಲ. ಬಾಗಿಲು ಮುಚ್ಚಿತು. ವಿಚಿತ್ರ ಏನು ಅಂದ್ರೆ, ಆ ನಲವತ್ತು ದಿನ ಮರಿ ಬಾಯೇ ಬಿಡಲ್ಲ. ಒಂದು ಸ್ವರವನ್ನೂ ಹಾಡಲ್ಲ. ಕೇಳುತ್ತೆ, ತಲೆಯೊಳಗೆ ಇಟ್ಟುಕೊಳ್ಳುತ್ತೆ, ಅಷ್ಟೇ. ಆಮೇಲೆ ಮೆಲ್ಲಗೆ ತೊದಲು ಶುರುವಾಗುತ್ತೆ. ಗೊಣಗಾಟದ ಥರ. ತಿಂಗಳುಗಟ್ಟಲೆ ಗೊಣಗಿ, ತಿದ್ದಿ, ತಿದ್ದಿ, ಮುಂದಿನ ವಸಂತದ ಹೊತ್ತಿಗೆ ಪಕ್ಕಾ ಹಾಡು ಬರುತ್ತೆ. ಅದು ಯಾವ ಹಾಡು? ಎರಡು ತಿಂಗಳೂ ತುಂಬದ ಮರಿಯಾಗಿದ್ದಾಗ ಕೇಳಿದ ಹಾಡು! ನಡುವೆ ಮತ್ತೆ ಒಂದು ಸಲವೂ ಕೇಳಿಸಿರದಿದ್ದರೂ ಅದೇ ಬರುತ್ತೆ.

ಇನ್ನೊಂದು ಪರೀಕ್ಷೆ ಮಾಡಿದರು. ತನ್ನ ಜಾತಿಯ ಹಾಡು, ಪಕ್ಕದ ಜಾತಿಯ ಹಾಡು, ಎರಡನ್ನೂ ಸ್ಪೀಕರ್‌ನಲ್ಲಿ ಕೇಳಿಸಿದರು. ಮರಿ ತನ್ನದನ್ನೇ ಆರಿಸಿಕೊಂಡಿತು. ಅಂದ್ರೆ ಮರಿಯ ತಲೆ ಖಾಲಿ ಸ್ಲೇಟ್ ಏನಲ್ಲ. ಯಾವ ಥರದ್ದು ತನ್ನದು ಅನ್ನೋ ಒಂದು ಒರಟು ನಕ್ಷೆ ಹುಟ್ಟಿನಿಂದಲೇ ಇರುತ್ತೆ. ಆದರೆ ಆ ನಕ್ಷೆ ಇಟ್ಟುಕೊಂಡು ಮನೆ ಕಟ್ಟೋಕಾಗಲ್ಲ, ಹಾಡು ಹೊರಗಿನಿಂದ ಬರಬೇಕು. ರಕ್ತ ದೊಡ್ಡದೋ, ಸಹವಾಸ ದೊಡ್ಡದೋ ಅಂತ ನಾವು ಗಂಟೆಗಟ್ಟಲೆ ಡಿಬೇಟ್ ಮಾಡಿಸ್ತೀವಲ್ಲ, ಈ ಹಕ್ಕಿಯನ್ನು ಪ್ಯಾನೆಲ್‌ನಲ್ಲಿ ಕೂರಿಸಿದರೆ ಎರಡೂ ಕಡೆಯವರು ಸುಮ್ಮನಾಗಬೇಕಾಗುತ್ತೆ.

ಮುಂದಿನದ್ದು ಓದುವಾಗ ನನಗೆ ಸ್ವಲ್ಪ ಕಸಿವಿಸಿ ಆಗಿದ್ದು ನಿಜ. ಮಾರ್ಲರ್ ಅವರ ಶಿಷ್ಯ, ಜಪಾನ್ ಮೂಲದ ಮಸಕಾಜು ಕೊನಿಶಿ. ಗುರುವಿನ ಹಾಡು ಚೆನ್ನಾಗಿ ಕೇಳಿಸಿಕೊಂಡ ಮರಿಗಳನ್ನು, ಅವು ಹಾಡೋಕೆ ಶುರು ಮಾಡುವ ಮೊದಲೇ ಕಿವುಡು ಮಾಡಿದರು. ಕ್ರೂರ ಅನ್ನಿಸುತ್ತೆ, ನನಗೂ ಅನ್ನಿಸಿತು. ಆದರೆ 1965ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಡೀ ಕ್ಷೇತ್ರವನ್ನೇ ಬದಲಿಸಿತು. ಹಾಡು ತಲೆಯಲ್ಲಿ ಇದೆ, ಕೇಳಿ ಇಟ್ಟುಕೊಂಡಾಗಿದೆ. ಆದರೂ ಹಾಡಲು ಬರಲಿಲ್ಲ. ಗರಗರ ಸದ್ದು, ಕೀಚು ಕೀಚು, ಅಷ್ಟೇ. ಯಾಕೆ? ತಾನು ಹಾಡಿದ್ದು ತನಗೇ ಕೇಳಿಸಬೇಕು. ಅದನ್ನು ತಲೆಯಲ್ಲಿರೋ ಹಾಡಿನ ಜೊತೆ ಹೋಲಿಸಿ ನೋಡಬೇಕು. ತಪ್ಪಿದ್ದಲ್ಲಿ ತಿದ್ದಬೇಕು. ಕಿವಿ ಇಲ್ಲದಿದ್ದರೆ ತಿದ್ದೋದು ಹೇಗೆ? ಪೂರ್ತಿ ಕಲಿತು, ಹಾಡು ಗಟ್ಟಿಯಾದ ಮೇಲೆ ಕಿವುಡಾದ ಗುಬ್ಬಿ ಮಾತ್ರ ಹಾಡನ್ನು ಉಳಿಸಿಕೊಂಡಿತು.

ಇಲ್ಲಿ ಒಂದು ನಿಮಿಷ ಹಕ್ಕಿ ಬಿಟ್ಟು ಮನೆಗೆ ಬರೋಣ. ಸಾವಿರ ಮಕ್ಕಳು ಹುಟ್ಟಿದರೆ ಅದರಲ್ಲಿ ಒಂದರಿಂದ ಮೂರು ಕೂಸುಗಳಿಗೆ ಹುಟ್ಟಿನಿಂದಲೇ ಗಣನೀಯ ಶ್ರವಣದೋಷ ಇರುತ್ತೆ. ನೋಡೋಕೆ ಏನೂ ಗೊತ್ತಾಗಲ್ಲ. ನಗುತ್ತೆ, ಅಳುತ್ತೆ, ಮುಖ ನೋಡುತ್ತೆ. ಮೊದಲ ಕೆಲವು ತಿಂಗಳು ಕಿವಿ ಕೇಳದ ಕೂಸೂ ಊಂ ಆಂ ಅಂತ ಸದ್ದು ಮಾಡುತ್ತೆ. ಎರಡು ವರ್ಷವಾದರೂ ಮಾತು ಬರಲಿಲ್ಲ ಅಂದಾಗ ಮನೆಯ ಹಿರಿಯರು ಏನಂತಾರೆ? ಇವರಪ್ಪನೂ ಲೇಟಾಗೇ ಮಾತಾಡಿದ್ದು, ಸುಮ್ಮನಿರಿ. ಆ ಸುಮ್ಮನಿರೋ ಎರಡು ಮೂರು ವರ್ಷ ಇದೆಯಲ್ಲ, ಅದೇ ಆ ಮಗುವಿನ 10ರಿಂದ 50 ದಿನ. ಮನುಷ್ಯರ ಬಾಗಿಲು ಹಕ್ಕಿಯ ಬಾಗಿಲಿನಷ್ಟು ಬೇಗ ಮುಚ್ಚಲ್ಲ, ದಢಾರ್ ಅಂತಲೂ ಮುಚ್ಚಲ್ಲ, ಒಪ್ಪೋಣ. ಆದರೆ ದಿನ ದಿನಕ್ಕೆ ಕಿರಿದಾಗುತ್ತಾ ಹೋಗೋದು ಖಂಡಿತ. ಅದಕ್ಕೇ ವೈದ್ಯರು ಒಂದು, ಮೂರು, ಆರು ಅಂತ ಲೆಕ್ಕ ಹೇಳ್ತಾರೆ. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆಯೋ ಶ್ರವಣ ಸಾಧನವೋ ಸನ್ನೆ ಭಾಷೆಯೋ ಶುರು. ಹೌದು, ಸನ್ನೆ ಭಾಷೆಯೂ ಪೂರ್ಣ ಭಾಷೆಯೇ, ಅದಕ್ಕೂ ಬೇಗ ಶುರು ಮಾಡಿದಷ್ಟು ಒಳ್ಳೆಯದು. ಪರೀಕ್ಷೆ ಏನು ದೊಡ್ಡದಲ್ಲ. ಮಲಗಿರೋ ಕೂಸಿನ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಡ್ತಾರೆ, ಸಣ್ಣ ಸದ್ದು ಬಿಡ್ತಾರೆ, ಒಳಗಿವಿಯಿಂದ ಅದಕ್ಕೆ ವಾಪಸ್ ಬರೋ ಪ್ರತಿಧ್ವನಿ ಅಳೀತಾರೆ. ಕೆಲವೇ ನಿಮಿಷ, ನೋವಿಲ್ಲ. ಈ ವಿಷಯಕ್ಕೇ ಅಂತ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಲ್ಲೋ ದೆಹಲಿಯಲ್ಲಿಲ್ಲ, ನಮ್ಮ ಮೈಸೂರಿನಲ್ಲೇ ಇದೆ. ನಿಮ್ಮ ಮನೆಗೆ ಕೂಸು ಬಂದಿದ್ದರೆ ಆಸ್ಪತ್ರೆಯಿಂದ ಹೊರಡೋ ಮೊದಲು ಕೇಳಿ, ಕಿವಿ ಪರೀಕ್ಷೆ ಆಯ್ತಾ ಅಂತ.

ಸರಿ, ಮತ್ತೆ ಹಕ್ಕಿಗೆ.

50 ದಿನ ಆದ ಮೇಲೆ ಬಾಗಿಲು ಬಂದ್ ಅಂತ ಮಾರ್ಲರ್ ಹೇಳಿದರಲ್ಲ, ಅದನ್ನು ಪ್ರಶ್ನೆ ಮಾಡಿದವರೂ ಬಂದರು. ಲೂಯಿಸ್ ಬ್ಯಾಪ್ಟಿಸ್ಟಾ ಮತ್ತು ಲೂಯಿಸ್ ಪೆಟ್ರಿನೊವಿಚ್. ಅವರ ತಕರಾರು ಸರಳ. ನೀವು ಮರಿಗೆ ಕೇಳಿಸಿದ್ದು ಟೇಪು, ಕಾಡಿನಲ್ಲಿ ಮರಿ ಕೇಳೋದು ಟೇಪ್ ಅಲ್ಲವಲ್ಲ? ಅವರು ಟೇಪ್ ಬದಲು ಜೀವಂತ ಹಕ್ಕಿಯನ್ನೇ ಪಕ್ಕದ ಪಂಜರದಲ್ಲಿ ಕೂರಿಸಿದರು. 1984ರಲ್ಲಿ ಬಂದ ಫಲಿತಾಂಶ ನೋಡಿ. 50 ದಿನ ದಾಟಿದ ಮರಿಗಳೂ ಕಲಿತವು! ಅಷ್ಟೇ ಅಲ್ಲ, ಗುರುವಾಗಿ ಕೂರಿಸಿದ್ದು ಪೂರ್ತಿ ಬೇರೆ ಜಾತಿಯ ಹಕ್ಕಿಯಾದರೂ ಅದರ ಹಾಡನ್ನೇ ಕಲಿತವು. ತಮ್ಮದೇ ಜಾತಿಯ ಹಾಡು ಅಲ್ಲೇ ಆಸುಪಾಸಿನಲ್ಲಿ ಕೇಳಿಸುತ್ತಿದ್ದರೂ ಎದುರಿಗೆ ಕೂತು ಒಡನಾಡಿದ ಹಕ್ಕಿಯನ್ನೇ ಗುರು ಅಂತ ಒಪ್ಪಿಕೊಂಡವು. ಆ ಬೇರೆ ಜಾತಿಯ ಗುರು ಯಾರು ಗೊತ್ತಾ? ನಮ್ಮ ಕೆಂಪು ರಾಟವಾಳ! ಹೌದು, ನಮ್ಮ ಹುಲ್ಲುಗಾವಲಿನಲ್ಲಿ, ಕೆರೆ ಬದಿಯ ಜೊಂಡಿನಲ್ಲಿ ಕಾಣೋ, ಮೈತುಂಬಾ ಬಿಳಿ ಚುಕ್ಕೆಯ ಪುಟ್ಟ ಕೆಂಪು ಹಕ್ಕಿ. ಹಿಂದೆ ಪಂಜರದ ಹಕ್ಕಿಯಾಗಿ ಅಹಮದಾಬಾದಿನಿಂದ ವಿದೇಶಕ್ಕೆ ಹೋಗುತ್ತಿದ್ದರಿಂದ ಅದರ ಇಂಗ್ಲಿಷ್ ಹೆಸರು ಅವಡವಟ್, ಅಹಮದಾಬಾದ್ ಅನ್ನೋದರ ಅಪಭ್ರಂಶ. ಈಗ ಅದನ್ನು ಹಿಡಿಯೋದು, ಮಾರೋದು ನಮ್ಮಲ್ಲಿ ಅಪರಾಧ, ನೆನಪಿರಲಿ.

ಇದೇ ಮಾತು ಮಕ್ಕಳ ವಿಷಯದಲ್ಲೂ ನಿಜ ಅಂತ ತೋರಿಸಿದ ಒಂದು ಪ್ರಯೋಗ ಇದೆ. ಅದನ್ನು ಹೇಳೋಕೆ ನನಗೆ ಸಂಕೋಚ, ಯಾಕಂದ್ರೆ ನನ್ನ ಹೊಟ್ಟೆಪಾಡಿಗೇ ಸಂಬಂಧಪಟ್ಟಿದ್ದು. 2003ರಲ್ಲಿ ಅಮೆರಿಕದ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದಷ್ಟು ಕೂಸುಗಳ ಜೊತೆ ಮ್ಯಾಂಡರಿನ್ ಮಾತಾಡೋರು ಬಂದು, ನೆಲದ ಮೇಲೆ ಕೂತು, ಆಟ ಆಡಿ, ಪುಸ್ತಕ ಓದಿ ಹೇಳಿದರು. ಬರೀ 12 ಸಲ. ಆ ಕೂಸುಗಳು ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸವನ್ನು ಅಲ್ಲೇ ಹುಟ್ಟಿದ ಮಕ್ಕಳ ಹಾಗೆ ಗುರುತಿಸೋಕೆ ಕಲಿತವು. ಇನ್ನೊಂದಷ್ಟು ಕೂಸುಗಳಿಗೆ ಅದೇ ಜನ, ಅದೇ ಮಾತು, ಆದರೆ ಟಿವಿ ಪರದೆ ಮೇಲೆ. ಫಲಿತಾಂಶ? ಸೊನ್ನೆ. ಏನೂ ಕಲಿಯಲಿಲ್ಲ. ಊಟ ಮಾಡಲ್ಲ ಅಂತ ಎಂಟು ತಿಂಗಳ ಮಗುವಿನ ಕೈಗೆ ಮೊಬೈಲ್ ಕೊಟ್ಟು ಹಾಡು ಹಾಕೋರು, ಮಗು ನೋಡಿ ಭಾಷೆ ಕಲೀಲಿ ಅಂತ ಟಿವಿ ಮುಂದೆ ಕೂರಿಸೋರು, ಇದನ್ನು ಒಂದು ಸಲ ಯೋಚಿಸಿ. ನಮ್ಮ ಚಾನೆಲ್ ನೀವು ನೋಡಿ, ಬೇಡ ಅನ್ನಲ್ಲ. ಆ ಕೂಸಿನ ಜೊತೆ ಮಾತ್ರ ನೀವೇ ಮಾತಾಡಿ.

ಕೇಳೋದು ಯಾವಾಗ ಶುರುವಾಗುತ್ತೆ? ಅಭಿಮನ್ಯು ಕಥೆ ನೆನಪಿದೆಯಲ್ಲ, ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹದ ಒಳಗೆ ಹೋಗೋದು ಕೇಳಿಸಿಕೊಂಡ, ಹೊರಗೆ ಬರೋದು ಕೇಳಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ಫೇರಿ ರೆನ್ ಅನ್ನೋ ನೀಲಿ ಬಣ್ಣದ ಪುಟಾಣಿ ಹಕ್ಕಿಯ ತಾಯಿ ಕಾವಿಗೆ ಕೂತಾಗ ಮೊಟ್ಟೆಗಳಿಗೆ ಹಾಡು ಹೇಳುತ್ತೆ. ಮೊಟ್ಟೆಯೊಡೆದು ಬಂದ ಮರಿಗಳು ಗುಟುಕಿಗಾಗಿ ಕೂಗುವಾಗ ಆ ಹಾಡಿನದೇ ಒಂದು ಸ್ವರ ಬಳಸುತ್ತವೆ. ಪಾಸ್‌ವರ್ಡ್ ಇದ್ದ ಹಾಗೆ! 2012ರಲ್ಲಿ ಅಡಿಲೇಡ್‌ನ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಮರಿಗಳನ್ನು ಗೂಡಿಂದ ಗೂಡಿಗೆ ಅದಲು ಬದಲು ಮಾಡದೆ, ಮೊಟ್ಟೆಗಳನ್ನೇ ಅದಲು ಬದಲು ಮಾಡಿ ನೋಡಿದಾಗ, ಮರಿ ಹೇಳಿದ್ದು ಹೆತ್ತವಳ ಪಾಸ್‌ವರ್ಡ್ ಅಲ್ಲ, ಕಾವು ಕೊಟ್ಟವಳದ್ದು. ಅಂದ್ರೆ ಕಲಿತದ್ದು ಮೊಟ್ಟೆಯೊಳಗೇ. ಅಲ್ಲೂ ಒಂದು ಕೋಗಿಲೆ ಕುಲದ ಕಳ್ಳ ಹಕ್ಕಿ ಇದೆ, ಇವುಗಳ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತೆ. ಅದರ ಮರಿಗೆ ಪಾಸ್‌ವರ್ಡ್ ಬರಲ್ಲ. ಎಷ್ಟೋ ಸಲ ತಾಯಿ ಆ ಗೂಡನ್ನೇ ಬಿಟ್ಟು ಹೋಗುತ್ತೆ. ನಮ್ಮ ಕಾಗೆಗೆ ಯಾರಾದರೂ ಇದನ್ನು ಹೇಳಿಕೊಡಬೇಕಿತ್ತು.

ಕಿವಿಗೆ ಬೀಳೋದು ಹಾಡೇ ಆಗಬೇಕಿಲ್ಲವಲ್ಲ, ಗದ್ದಲವೂ ಬೀಳುತ್ತೆ. ಮಾರ್ಲರ್ ಅವರ ಅದೇ ಬಿಳಿ ಕಿರೀಟದ ಗುಬ್ಬಿಗಳು ಈಗ ಸ್ಯಾನ್ ಫ್ರಾನ್ಸಿಸ್ಕೋದ ಟ್ರಾಫಿಕ್ ನಡುವೆ ಬದುಕುತ್ತಿವೆ. ಗದ್ದಲದಲ್ಲಿ ಮುಚ್ಚಿಹೋಗುವ ಹಾಡು, ಗದ್ದಲದ ಮೇಲೂ ಕೇಳಿಸುವ ಹಾಡು, ಎರಡನ್ನೂ ಮರಿಗಳಿಗೆ ಕೇಳಿಸಿದರೆ ಅವು ಎರಡನೆಯದನ್ನೇ ಕಲಿಯುತ್ತವೆ ಅಂತ 2018ರ ಪ್ರಯೋಗ ತೋರಿಸಿತು. ಸಹಜ, ಕೇಳಿಸದ್ದನ್ನು ಕಲಿಯೋದು ಹೇಗೆ? ಹೀಗೆ ತಲೆಮಾರು ಕಳೆದಂತೆ ಮೆಲುದನಿಯ, ಸೂಕ್ಷ್ಮದ ಹಾಡುಗಳು ಪಕ್ಕಕ್ಕೆ ಸರಿಯುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಗೋಲ್ಡನ್ ಗೇಟ್ ಸೇತುವೆ ಮೇಲಿನ ವಾಹನ ಸಂಚಾರ 1954ರ ಮಟ್ಟಕ್ಕೆ ಇಳಿಯಿತು. ಎಲಿಜಬೆತ್ ಡೆರಿಬೆರಿ ಮತ್ತು ತಂಡದವರು ಹೋಗಿ ನೋಡಿದರೆ, ಗುಬ್ಬಿಗಳು ದನಿ ಇಳಿಸಿ ಹಾಡುತ್ತಿವೆ. ದನಿ ಇಳಿಸಿದರೂ ಹಾಡು ಮೊದಲಿಗಿಂತ ಎರಡು ಪಟ್ಟು ದೂರ ಕೇಳಿಸುತ್ತಿದೆ. ಕೂಗಾಡೋದೇ ಕೆಲಸವಾಗಿರೋ ನನ್ನಂಥವನು ಇದಕ್ಕೆ ಏನು ಹೇಳಲಿ, ಮುಂದೆ ಹೋಗೋಣ.

ಈಗ ನಿಮಗೊಂದು ಅನುಮಾನ ಬಂದಿರಬೇಕು. ಕಲಿಸೋಕೆ ಹಿರಿಯರೇ ಇಲ್ಲ ಅಂದ್ರೆ? ನ್ಯೂಯಾರ್ಕ್‌ನಲ್ಲಿ ಓಲ್ಗಾ ಫೆಹೆರ್, ಓಫರ್ ಚೆರ್ನಿಚೊವ್ಸ್ಕಿ ಮುಂತಾದವರು ಜೀಬ್ರಾ ಫಿಂಚ್ ಹಕ್ಕಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಹಾಡು ಕೇಳದೆ ಬೆಳೆದ ಗಂಡು ಹಕ್ಕಿ, ಅದರ ಸೊಟ್ಟ ಹಾಡು. ಅದರ ಹತ್ತಿರ ಒಂದು ಮರಿ ಬಿಟ್ಟರು. ಮರಿ ಆ ಸೊಟ್ಟ ಹಾಡನ್ನೇ ಕಲಿಯಿತು, ಆದರೆ ಕಲಿಯುವಾಗ ತುಸು ನೆಟ್ಟಗೆ ಮಾಡಿತು. ಅದರ ಶಿಷ್ಯ ಇನ್ನಷ್ಟು ನೆಟ್ಟಗೆ. ಮೂರು ನಾಲ್ಕು ತಲೆಮಾರಿಗೆ ಕಾಡಿನ ಹಕ್ಕಿಯ ಹಾಡಿಗೆ ಹತ್ತಿರ ಬಂದುಬಿಟ್ಟಿತು! 2009ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಖುಷಿ. ಆ ಒರಟು ನಕ್ಷೆ ಅಂದೆನಲ್ಲ, ಅದು ತಲೆಮಾರಿನಿಂದ ತಲೆಮಾರಿಗೆ ಹಾಡನ್ನು ಮತ್ತೆ ದಾರಿಗೆ ತರುತ್ತೆ.

ಆದರೆ ಅದು ಪಂಜರದೊಳಗಿನ ಮಾತು. ಕಾಳಿಗೆ ಕೊರತೆ ಇಲ್ಲ, ಹದ್ದು ಇಲ್ಲ, ಕಾಯೋಕೆ ಟೈಮ್ ಇದೆ. ಕಾಡಿನಲ್ಲಿ ಏನಾಗುತ್ತೆ ಅನ್ನೋದಕ್ಕೆ ಆಗ್ನೇಯ ಆಸ್ಟ್ರೇಲಿಯಾಕ್ಕೆ ಬರಬೇಕು.

ಅಲ್ಲಿ ರೀಜೆಂಟ್ ಹನಿಈಟರ್ ಅನ್ನೋ ಹಕ್ಕಿ ಇದೆ. ಕಪ್ಪು ಮೈ ಮೇಲೆ ಹಳದಿ ಕಸೂತಿ ಹಾಕಿದ ಹಾಗೆ. ನೀಲಗಿರಿ ಮರಗಳ ಹೂವಿನ ಮಕರಂದ ಕುಡಿಯೋದು ಕೆಲಸ. ಒಂದು ಕಾಲಕ್ಕೆ ಕ್ವೀನ್ಸ್‌ಲ್ಯಾಂಡ್‌ನಿಂದ ಅಡಿಲೇಡ್‌ವರೆಗೆ ನೂರಾರು ಹಕ್ಕಿಗಳ ಹಿಂಡು ಹಿಂಡಾಗಿ ಹಾರುತ್ತಿದ್ದವು. ಕೃಷಿಗೆ ಅಂತ ಆ ಕಾಡುಗಳ ಬಹುಪಾಲು ಕಡಿದಾಯಿತು. 2021ರ ಹೊತ್ತಿಗೆ ಇಡೀ ಕಾಡಿನಲ್ಲಿ ಉಳಿದಿದ್ದು ಕೆಲವು ನೂರು ಹಕ್ಕಿ ಮಾತ್ರ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಾಸ್ ಕ್ರೇಟ್ಸ್ ಅವುಗಳನ್ನು ಹುಡುಕಿಕೊಂಡು ಕಾಡು ಸುತ್ತುತ್ತಿದ್ದರು. ಇಷ್ಟು ವಿಶಾಲ ಕಾಡಿನಲ್ಲಿ ಇಷ್ಟು ಕಡಿಮೆ ಹಕ್ಕಿಗಳನ್ನು ಹುಡುಕೋಕೆ ಕಿವಿಯೇ ಗತಿ. ಆಗ ಒಂದು ವಿಚಿತ್ರ ಕಂಡಿತು. ಫ್ರಯರ್‌ಬರ್ಡ್ ಅನ್ನೋ ಇನ್ನೊಂದು ಹಕ್ಕಿ ಕೂಗ್ತಿದೆ ಅಂತ ತಲೆ ಎತ್ತಿ ನೋಡಿದರೆ ಮರದ ಮೇಲೆ ಕೂತಿರೋದು ಹನಿಈಟರ್! ಇನ್ನೊಂದು ಕಡೆ ಕರವಾಂಗ್ ಹಕ್ಕಿಯ ಕೂಗು, ಹಾಡ್ತಿರೋದು ಮತ್ತೆ ಇದೇ.

ಲೆಕ್ಕ ಹಾಕಿದರು. 2015ರಿಂದ 2019ರವರೆಗೆ ಸಿಕ್ಕ ಗಂಡು ಹಕ್ಕಿಗಳಲ್ಲಿ ಶೇಕಡ 27ರಷ್ಟು ಆ ಪ್ರದೇಶದ ರೂಢಿಯ ಹಾಡು ಹಾಡುತ್ತಿರಲಿಲ್ಲ. ಶೇಕಡ 12ರಷ್ಟಕ್ಕೆ ತಮ್ಮ ಜಾತಿಯ ಹಾಡು ಒಂದಿಷ್ಟೂ ಬರುತ್ತಿರಲಿಲ್ಲ, ಪೂರ್ತಿ ಪರಭಾಷೆ. ಯಾಕೆ ಹೀಗಾಯ್ತು? ಅಪ್ಪ ಇರಲಿಲ್ವಾ? ಇದ್ದ. ಆದರೆ ಮರಿ ಗೂಡಿನಲ್ಲಿರುವಾಗ ಅಪ್ಪ ಹಾಡಲ್ಲ. ಹಾಡಿದರೆ ಶತ್ರುಗಳಿಗೆ ಗೂಡಿನ ವಿಳಾಸ ಕೊಟ್ಟ ಹಾಗೆ. ಹಾಗಾಗಿ ಮರಿ ಗೂಡು ಬಿಟ್ಟ ಮೇಲೆ ಊರಿನ ಬೇರೆ ಗಂಡು ಹಕ್ಕಿಗಳಿಂದ ಕೇಳಿ ಕಲಿಯಬೇಕು. ಹಿಂಡು ಇದ್ದಾಗ ಅದು ಸಮಸ್ಯೆಯೇ ಅಲ್ಲ, ಯಾವ ಮರಕ್ಕೆ ಹೋದರೂ ಒಬ್ಬ ಮೇಷ್ಟ್ರು. ಈಗ? ಮೈಲಿಗಟ್ಟಲೆ ಹಾರಿದರೂ ತನ್ನವರು ಒಬ್ಬರೂ ಇಲ್ಲ. ಕಿವಿ ತೆರೆದಿದೆ, ವಯಸ್ಸು ಓಡುತ್ತಿದೆ, ಸುತ್ತ ಕೇಳಿಸುತ್ತಿರೋದು ಬೇರೆಯವರದು. ಅದನ್ನೇ ಕಲಿತುಬಿಟ್ಟಿತು.

ಇಂಥ ಗಂಡು ಹಾಡಿದರೆ ಹೆಣ್ಣು ತಿರುಗಿಯೂ ನೋಡಲ್ಲ ಅನ್ನೋ ಹಾಗಾಗಿದೆ. ಪರರ ಹಾಡು ಹಾಡೋ ಗಂಡುಗಳಿಗೆ ಜೋಡಿ ಸಿಗೋದು ಕಡಿಮೆ, ಸಿಕ್ಕರೂ ಗೂಡು ಕಟ್ಟೋದು ಕಡಿಮೆ ಅಂತ ಕ್ರೇಟ್ಸ್ ತಂಡ ಬರೆದಿದೆ. ಹಕ್ಕಿ ಕಡಿಮೆಯಾದ್ದರಿಂದ ಹಾಡು ಹೋಯಿತು, ಹಾಡು ಹೋದದ್ದರಿಂದ ಹಕ್ಕಿ ಇನ್ನೂ ಕಡಿಮೆ.

ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ ಈ ಹಕ್ಕಿಗಳನ್ನು ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಡೋ ಕೆಲಸ ವರ್ಷಗಳಿಂದ ನಡೀತಿದೆ. ಮೃಗಾಲಯದಲ್ಲಿ ಹುಟ್ಟಿದವು ಹಾಡುತ್ತಿದ್ದುದೂ ಬೇರೆಯೇ ಏನೋ ಹಾಡು. ಮೊದಲು ಕಾಡಿನ ಹಾಡನ್ನು ರೆಕಾರ್ಡ್ ಮಾಡಿ ಸ್ಪೀಕರ್‌ನಲ್ಲಿ ಕೇಳಿಸಿ ನೋಡಿದರು. ಅಷ್ಟಾಗಿ ಹಿಡಿಸಲಿಲ್ಲ. ಬ್ಯಾಪ್ಟಿಸ್ಟಾ ಹೇಳಿದ್ದು ನೆನಪಿದೆಯಲ್ಲ? ಆಮೇಲೆ ಕಾಡಿನಲ್ಲಿ ಹುಟ್ಟಿದ, ಸರಿಯಾದ ಹಾಡು ಬರೋ ಎರಡು ಗಂಡು ಹಕ್ಕಿಗಳನ್ನೇ ಮೇಷ್ಟ್ರಾಗಿ ಮರಿಗಳ ಜೊತೆ ಬಿಟ್ಟರು. ಕ್ಲಾಸಿನಲ್ಲಿ ಮರಿಗಳ ಸಂಖ್ಯೆ ಕಡಿಮೆ ಮಾಡಿದರು, ಕಲಿಕೆ ಸುಧಾರಿಸಿತು. ಕಲಿತ ಮರಿಗಳು ದೊಡ್ಡದಾಗಿ ಮುಂದಿನ ಮರಿಗಳಿಗೆ ಮೇಷ್ಟ್ರಾದವು. ಈ ಪಾಠ ನಡೆಯುತ್ತಿದ್ದ ವರ್ಷಗಳಲ್ಲೇ ಹೊರಗೆ ಬ್ಲೂ ಮೌಂಟನ್ಸ್ ಕಾಡಿನಲ್ಲಿ ಆ ಹಳೆಯ, ಪೂರ್ತಿ ಹಾಡನ್ನು ಹಾಡುವ ಹಕ್ಕಿ ಕೇಳಿಸದಾಯಿತು. ಈಗ ಅದನ್ನು ಬಲ್ಲವು ಮೃಗಾಲಯದ ಈ ಶಾಲೆಯಲ್ಲಿ ಕಲಿತ ಹಕ್ಕಿಗಳು. ಅವುಗಳನ್ನು ಕಾಡಿಗೆ ಬಿಟ್ಟಾಗ, ಅಲ್ಲಿ ಹುಟ್ಟಿ ಬೆಳೆದ ಮರಿಗಳಿಗೆ ಅವುಗಳದೇ ಹಾಡನ್ನು ಹೇಳಿಕೊಡಬೇಕಾದವರು ಇವರು.